ಪ್ಯಾಟನ್ ಟ್ಯಾಂಕಿಗೆ ವರ್ಷಕ್ಕೊಮ್ಮೆ ಪೇಂಟ್ ಸಾಕಾ?

ಪ್ರಶ್ನೆ: 1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದಿಂದ ಸಿಕ್ಕಂಥ ಅಮೆರಿಕನ್ ಪ್ಯಾಟನ್ ಟ್ಯಾಂಕನ್ನು ನಮ್ಮ ಹಾಸನ, ಸಕಲೇಶಪುರದ ಮಳೆಗೆ ಬಯಲಲ್ಲೇ ನಿಲ್ಲಿಸಿದರೆ ತಡೆಯುತ್ತಾ?

ಉತ್ತರ 1: ಪೇಂಟ್ ಒಂದೇ ಸಾಲಲ್ಲ ಸಾರ್, ಕೊಳೆಯೋದು ಒಳಗಿಂದ. ಎಂಜಿನ್ ಮೇಲಿನ ಜಾಲರಿಯಿಂದ ಇಳಿದ ನೀರು ತಳದಲ್ಲಿ ನಿಲ್ಲುತ್ತೆ. ಎಲೆ, ಮಣ್ಣು ಕಟ್ಟಿದ ಡ್ರೈನ್ ತೂತು ಮೊದಲು ಬಿಡಿಸಿ. ಹ್ಯಾಚಿಗೆ (ಒಳಗಿಳಿಯೋ ಮುಚ್ಚಳದ ಬಾಗಿಲಿಗೆ) ಹೊಸ ರಬ್ಬರ್, 90 ಮಿ.ಮೀ. ನಳಿಗೆ ಬಾಯಿಗೆ ಮುಚ್ಚಳ. ಗಾಳಿಗೆ ಮಾತ್ರ ದಾರಿ ಬಿಡಿ, ಇಲ್ಲದಿದ್ದರೆ ಒಳಗೆಲ್ಲ ಬೆವರುತ್ತೆ.

ಉತ್ತರ 2: ಸ್ಯಾಂಡ್‌ಬ್ಲಾಸ್ಟಿಂಗ್‌ಗೆ (ಮರಳು ಚಿಮ್ಮಿಸಿ ಹಳೇ ಬಣ್ಣ ಕೀಳೋದಕ್ಕೆ) ಆತುರ ಬೇಡ. ಟ್ಯಾಂಕಿನ ಮೇಲೆ ಬರೆದ ಹಳೇ ಪಡೆಗುರುತು ಹೋದರೆ ಮತ್ತೆ ಬರಲ್ಲ, ಮೊದಲು ಫೋಟೋ, ಅಳತೆ. ಶೆಲ್ ಬಡಿದ ತೂತಿಗೆ ಪುಟ್ಟಿ ಮೆತ್ತೋದು ಶುದ್ಧ ತಪ್ಪು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿ. ಬರೀ ಲೋಹ ಕಂಡ ದಿನವೇ ತುಕ್ಕು ತಡೆಯೋ ಎಪಾಕ್ಸಿ ಪ್ರೈಮರ್ ಬಳಿಯಿರಿ; ಕೆಲಸ ಫೆಬ್ರವರಿಯಲ್ಲಿ, ಜೂನ್‌ನಲ್ಲಲ್ಲ.

ಉತ್ತರ 3: ಹುಲ್ಲಿನ ಮೇಲಂತೂ ಬೇಡ, ಚಕ್ರದ ಸುತ್ತಲಿನ ಉಕ್ಕಿನ ಪಟ್ಟಿ ಜೋಡಿಸೋ ಟ್ರ್ಯಾಕ್ ಪಿನ್ ತುಕ್ಕಿಗೆ ಕಚ್ಚಿಕೊಳ್ಳುತ್ತೆ. ಸುಮಾರು 45 ಟನ್ ತೂಕ, ಇಳಿಜಾರಿನ ಕಾಂಕ್ರೀಟ್ ಹಾಸು ಹಾಕಿಸಿ.