ಮಾಂಟಿ ಪೈಥಾನ್ ಅಪ್ಪನಿಗೆ ಹೇಗೆ ತೋರಿಸಲಿ?

ಮಡಿಕೇರಿಯಿಂದ:
ಜಡಿಮಳೆ, ಮೂರು ದಿನದಿಂದ ತೋಟದ ಕೆಲಸ ನಿಂತಿದೆ. ಮಾಂಟಿ ಪೈಥಾನ್ ತಂಡದ ಹಳೇ ಬ್ರಿಟಿಷ್ ಟಿವಿ ಹಾಸ್ಯ ಸರಣಿ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ನ ಮೊದಲ ಕಂತು ಹಾಕಿದೆ. ನನಗೆ ತುಂಬಾ ಹಿಡಿಸಿತು. ಅಪ್ಪ ಮಾತ್ರ ‘ತಲೆಬುಡ ಇಲ್ಲ’ ಅಂತ ಎದ್ದು ಹೋದರು. ಮತ್ತೆ ಕೂರಿಸೋಕೆ ಯಾವುದು ಹಾಕಲಿ?

ಸೋಮವಾರಪೇಟೆಯಿಂದ:
ಸತ್ತ ಗಿಳಿಯ ತುಣುಕು! ಗಿರಾಕಿ ಗಿಳಿಯನ್ನು ಕೌಂಟರಿಗೆ ಬಡಿದು ತೋರಿಸಿದರೂ, ಅಂಗಡಿಯವನು ಅದು ಸತ್ತಿದೆ ಅಂತ ಒಪ್ಪೋದೇ ಇಲ್ಲ. ಮಾಲು ವಾಪಸ್ ಕೊಡೋಕೆ ಹೋದವರಿಗೆಲ್ಲ ಅರ್ಥವಾಗುತ್ತೆ.

ವಿರಾಜಪೇಟೆಯಿಂದ:
ಅದರಲ್ಲಿ ಮಾತು ಜಾಸ್ತಿ ಅಲ್ವಾ? 1970ರ ‘ವಿಚಿತ್ರ ನಡಿಗೆಯ ಇಲಾಖೆ’ ತುಣುಕು ಹಾಕಿ. ತಂಡದ ಜಾನ್ ಕ್ಲೀಸ್ ಟೋಪಿ, ಕೊಡೆ ಸಮೇತ ಕಾಲನ್ನು ಎದೆಮಟ್ಟಕ್ಕೆ ಎಸೆದು ನಡೆಯುತ್ತಾರೆ, ಮುಖದಲ್ಲಿ ನಗುವೇ ಇಲ್ಲ. ತಲೆಬುಡ ಇಲ್ಲದ್ದು ಬೇಕಂತಲೇ. ಕೊನೆಯ ಜೋಕಿಗೆ ಕಾಯದೆ, ತಂಡದ ಟೆರಿ ಗಿಲಿಯಂ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಕಾರ್ಟೂನ್ ಮೂಲಕ ಅವರೆಲ್ಲ ಮುಂದಿನ ತುಣುಕಿಗೆ ಹಾರುತ್ತಾರೆ. ಒಟ್ಟು 45 ಕಂತು, ಒಂದೂ ಬಿಡಬೇಡಿ.

ಮಡಿಕೇರಿಯಿಂದ:
ನಡಿಗೆ ಹಾಕಿದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು ನಕ್ಕರು, ‘ಇನ್ನೊಂದು ಸಲ ಹಾಕು’ ಅಂದರು.