ಅಪ್‌ಡೇಟ್: ಆರ್ಡುಯಿನೊ ಪ್ರೊ ಮಿನಿ ಬೋರ್ಡಿನಲ್ಲಿ ಬೈಟ್ ಕಳೆದುಹೋಗುವುದು ನಿಂತಿದೆ

ಪ್ರಶ್ನೆ ಇದಾಗಿತ್ತು: ಬದಿಯಡ್ಕದ ಅಡಿಕೆ ತೋಟದ ನೀರಾವರಿ ಕಂಟ್ರೋಲರಿಗೆ (ಪ್ರೊ ಮಿನಿ ಬೋರ್ಡ್, ಎಟಿಮೆಗಾ328ಪಿ ಚಿಪ್, 5 ವೋಲ್ಟ್) ಲ್ಯಾಪ್‌ಟಾಪಿನಿಂದ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ವೇಳಾಪಟ್ಟಿ ಕಳಿಸಿದರೆ, ಎಸ್‌ಡಿ ಕಾರ್ಡಿಗೆ ಬರೆಯುವಾಗ ನಡುವಿನ ಸಾಲುಗಳು ಮಾಯ. ಆರ್‌ಟಿಎಸ್/ಸಿಟಿಎಸ್ (‘ಕಳಿಸು’, ‘ನಿಲ್ಲು’ ಎಂದು ಬೇರೆ ವೈರಿನಲ್ಲಿ ತಿಳಿಸುವ ವ್ಯವಸ್ಥೆ) ಆನ್ ಮಾಡಿದರೂ ವ್ಯತ್ಯಾಸವಿಲ್ಲ.

ಕಾರಣ ಸಿಕ್ಕಿತು. ಪ್ರೊ ಮಿನಿಯ ಆರು ಪಿನ್‌ ಹೆಡರಿನಲ್ಲಿ ಸಿಟಿಎಸ್ (ಕಳಿಸಬಹುದೇ ಎಂದು ಅಡಾಪ್ಟರ್ ನೋಡುವ ವೈರ್) ಕೂರುವ ಜಾಗ ನೇರ ಗ್ರೌಂಡಿಗೆ ಸೇರಿದೆ. ಟಿಟಿಎಲ್ ಮಟ್ಟದಲ್ಲಿ (ಚಿಪ್ಪಿನ ಪಿನ್ನಿನ 0–5 ವೋಲ್ಟ್ ಸಂಕೇತ) ಲೋ ಎಂದರೆ ‘ಕಳಿಸು’. ಹಾಗಾಗಿ ಅಡಾಪ್ಟರಿಗೆ ಸದಾ ಹಸಿರು ನಿಶಾನೆಯೇ. ಆ ಒಂದು ವೈರನ್ನು ಹೆಡರಿನಿಂದ ಬಿಡಿಸಿ ಡಿ4 ಪಿನ್ನಿಗೆ ಕೊಡಿ; 10 ಕಿಲೋಓಮ್ ಪುಲ್‌ಅಪ್ (ಲೈನನ್ನು ಹೈ ಕಡೆಗೆ ಎಳೆದಿಡುವ ರೆಸಿಸ್ಟರ್) ಹಾಕಿ. ರೀಸೆಟ್ ವೇಳೆ ಪಿನ್ ತೇಲುತ್ತದೆ, ಆಗ ಲೈನ್ ‘ನಿಲ್ಲು’ ಸ್ಥಿತಿಯಲ್ಲೇ ಇರಬೇಕು.

ಈ ಚಿಪ್ಪಿನ ಯುಎಆರ್‌ಟಿಗೆ (ಸೀರಿಯಲ್ ಭಾಗ) ಸ್ವಂತ ಹ್ಯಾಂಡ್‌ಶೇಕಿಂಗ್ (ಈ ‘ಕಳಿಸು’–‘ನಿಲ್ಲು’ ಸನ್ನೆ) ಇಲ್ಲ, ಪಿನ್ನನ್ನು ಕೋಡೇ ಆಡಿಸಬೇಕು. ಮುಖ್ಯ ಲೂಪಿನಲ್ಲಿ ಆಡಿಸಿದರೆ ಪ್ರಯೋಜನವಿಲ್ಲ: ಕಾರ್ಡ್ ಬರೆಯುವಾಗ ಲೂಪ್ ಸಿಕ್ಕಿಬಿದ್ದಿರುತ್ತದೆ, ಬೈಟ್ ಮಾತ್ರ ಪ್ರತಿ 87 ಮೈಕ್ರೊಸೆಕೆಂಡಿಗೊಂದು ಬರುತ್ತಲೇ ಇರುತ್ತದೆ. ಆರ್ಡುಯಿನೊದ 64 ಬೈಟ್ ಬಫರ್ (ಬಂದದ್ದನ್ನು ಓದುವವರೆಗೆ ಇಡುವ ಜಾಗ) 5.5 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಆದ್ದರಿಂದ ರಿಸೀವ್ ಇಂಟರಪ್ಟನ್ನೇ (ಬೈಟ್ ಬಂದಾಗ ಲೂಪನ್ನು ತಡೆದು ಓಡುವ ಕೋಡ್) ಹೊಸದಾಗಿ ಬರೆದು, 128 ಬೈಟ್ ರಿಂಗ್ ಬಫರ್ ಇಟ್ಟು, 96 ತುಂಬಿದಾಗ ಪಿನ್ ಹೈ ಮಾಡಿದ್ದು. ಲೂಪ್ ಓದಿ 32ಕ್ಕೆ ಇಳಿಸಿದಾಗ ಲೋ.

ಬಫರ್ ಅಂಚಿನವರೆಗೆ ಕಾಯಬೇಡಿ. ಅಡಾಪ್ಟರಿನ ಚಿಪ್ ಎಫ್‌ಟಿ232ಆರ್ ‘ನಿಲ್ಲು’ ಕಂಡ ಮೇಲೂ ಮೂರು ಬೈಟ್‌ವರೆಗೆ ಕಳಿಸಬಹುದು.