ರಘುರಾಜಪುರಕ್ಕೆ ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಪುರಿಗೆ ಹೊರಟಿದ್ದೇನೆ. ಹತ್ತಿರದಲ್ಲೇ ಭಾರ್ಗವಿ ನದಿ ದಂಡೆಯ ಮೇಲೆ ರಘುರಾಜಪುರ ಅಂತ ಬಟ್ಟೆ ಮೇಲೆ ಪಟಚಿತ್ರ ಬರೆಯುವವರ ಹಳ್ಳಿ ಇದೆಯಂತೆ. ಕೋನಾರ್ಕಕ್ಕೆ ಹೋಗುವ ದಿನವೇ ಒಂದು ಗಂಟೆ ನೋಡಿಕೊಂಡು ಬಂದರೆ ಸಾಕಾ? ಏನು ಕೊಳ್ಳಬಹುದು? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗಲ್ಲ.

—

ಮೊದಲು ಕೋನಾರ್ಕದ ಜೊತೆ ಸೇರಿಸುವುದನ್ನು ಬಿಡಿ. ಕೋನಾರ್ಕಕ್ಕೆ ಸಮುದ್ರದ ಪಕ್ಕದ ರಸ್ತೆ, ರಘುರಾಜಪುರ ಇರುವುದು ಭುವನೇಶ್ವರದ ದಾರಿಯಲ್ಲಿ. ಪುರಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಹೋಗಿ ಚಂದನಪುರದ ಹತ್ತಿರ ತಿರುಗಬೇಕು. ಭುವನೇಶ್ವರಕ್ಕೆ ವಾಪಸ್ ಹೋಗುವ ದಿನ ಇಟ್ಟುಕೊಳ್ಳಿ, ಮುಂದೆ ಪಿಪಿಲಿಯಲ್ಲಿ ಬಟ್ಟೆ ತುಂಡು ಹೊಲಿದು ಮಾಡುವ ಛತ್ರಿ, ತೋರಣಗಳನ್ನೂ ನೋಡಬಹುದು.

ಊರು ಚಿಕ್ಕದು. ಎದುರುಬದುರು ಮನೆಗಳ ಸಾಲು, ನಡುವೆ ಸಣ್ಣ ಸಣ್ಣ ಗುಡಿಗಳು. ಗೋಡೆ ತುಂಬಾ ಚಿತ್ರ. ಅಮ್ಮ ನಡೆಯುವುದೇ ಬೇಡ, ಯಾವುದಾದರೂ ಜಗಲಿ ಮೇಲೆ ಕೂತರೆ ಸಾಕು. ನನ್ನ ಅತ್ತೆ ಹಾಗೆ ಕೂತವರು ಎರಡೂವರೆ ಗಂಟೆ ಏಳಲಿಲ್ಲ! ಎದುರಿಗೆ ಒಬ್ಬರು ಹಳೇ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಸೀಮೆಸುಣ್ಣದ ಪುಡಿ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ತಿಕ್ಕುತ್ತಿದ್ದರು. ನಮ್ಮ ಕಡೆ ಕಂಬಳಿ ನೇಯುವವರು ನೂಲಿಗೆ ಹಚ್ಚುವ ಗಂಜಿಯೂ ಹುಣಸೆ ಬೀಜದ್ದೇ. ಅತ್ತೆಗೆ ಅಷ್ಟು ಸಾಕಾಯಿತು, ಭಾಷೆ ಬಾರದಿದ್ದರೂ ಮಾತು ಶುರು.

ತೆಂಗಿನ ಕರಟದಲ್ಲಿ ಬಣ್ಣ. ಬಿಳಿಗೆ ಶಂಖ ಅರೆದದ್ದು, ಕೆಂಪಿಗೆ ಹಿಂಗುಳ, ಹಳದಿಗೆ ಹರಿತಾಳ ಅನ್ನುವ ಕಲ್ಲುಗಳ ಪುಡಿ, ಕಪ್ಪಿಗೆ ದೀಪದ ಕಾಡಿಗೆ. ಬಣ್ಣ ಹಿಡಿಯಲು ಬೇಲದ ಮರದ ಅಂಟು. ಮೊದಲು ಅಂಚು ಮುಗಿಸುತ್ತಾರೆ, ಆಮೇಲೆ ಒಳಗಿನ ಚಿತ್ರ. ಇದನ್ನೆಲ್ಲ ನೋಡದೆ ಸುಮ್ನೆ ರೇಟು ಕೇಳಿದರೆ ಎಲ್ಲವೂ ದುಬಾರಿ ಅನ್ನಿಸುತ್ತದೆ.

—

ನಾನು ಒಂದು ಗಂಟೆಯಲ್ಲಿ ಮುಗಿಸಿದವನು, ಅದಕ್ಕೇ ಹೇಳುತ್ತಿದ್ದೇನೆ. ಆಟೋದವನು ಹೆದ್ದಾರಿ ಪಕ್ಕದ ಒಂದು ಅಂಗಡಿ ಮುಂದೆ ಇಳಿಸಿ "ಇದೇ ಸಾರ್ ಊರು" ಅಂದ. ನಂಬಿ ಎರಡು ಪಟ ತಗೊಂಡೆ. ಊರು ಇನ್ನೂ ಒಳಗೆ ಇತ್ತು ಅಂತ ಗೊತ್ತಾಗಿದ್ದು ವಾಪಸ್ ಬಂದು ಹೋಟೆಲಿನವರು ನಕ್ಕಾಗ. ತೆಂಗಿನ ತೋಟ ದಾಟಿ, ಎರಡೂ ಕಡೆ ಬಣ್ಣದ ಗೋಡೆ ಕಾಣುವವರೆಗೆ ಆಟೋದಿಂದ ಇಳಿಯಬೇಡಿ.

—

ಮೈಸೂರಿನವರಾಗಿದ್ದರೆ ಗಂಜಪಾ ಎಲೆ ತೋರಿಸಿ ಅಂತ ಕೇಳಿ. ದುಂಡಗಿನ ಇಸ್ಪೀಟ್ ಎಲೆಗಳು, ಕೈಯಲ್ಲೇ ಬರೆದವು. ನಮ್ಮ ಮೈಸೂರಿನ ಗಂಜೀಫಾ ಎಲೆಗಳ ದಾಯಾದಿ. ಎಂಟು ಬಣ್ಣದ (ಇಸ್ಪೀಟು, ಆಟೀನು ಅಂತೀವಲ್ಲ, ಹಾಗೆ) ಆಟಕ್ಕೆ 96 ಎಲೆ, ಒಂದೊಂದು ಬಣ್ಣಕ್ಕೆ ಹನ್ನೆರಡು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಆಟಗಳನ್ನೇ ಕಟ್ಟಿದವರು ಅಂತ ನಾನು ಹೇಳಿದ್ದಕ್ಕೆ, ಮನೆಯ ಯಜಮಾನರು ಒಳಗಿಂದ ಇನ್ನೊಂದು ಡಬ್ಬಿ ತಂದರು. ಅದು ಮಾರುವುದಕ್ಕಲ್ಲವಂತೆ.

ದುಡ್ಡು ಕಡಿಮೆ ಇದ್ದರೆ ತಾಳೆಗರಿ ಚಿತ್ರ ನೋಡಿ. ಕಬ್ಬಿಣದ ಕಂಟದಿಂದ, ಅಂದರೆ ಚೂಪು ಕಡ್ಡಿಯಿಂದ, ಗರಿಯ ಮೇಲೆ ಗೀಚಿ, ಕಾಡಿಗೆ ಉಜ್ಜಿ ಒರೆಸುತ್ತಾರೆ. ಗೀಚಿದ ಕಡೆ ಮಾತ್ರ ಕಪ್ಪು ಉಳಿಯುತ್ತದೆ. ಕೆಲವದರಲ್ಲಿ ಪುಟ್ಟ ದುಂಡನೆಯ ಕಿಟಕಿ ಎತ್ತಿದರೆ ಒಳಗೆ ಇನ್ನೊಂದು ಚಿತ್ರ. ಅವರನ್ನೇ ಕೇಳಿಕೊಂಡು ಗೆರೆಯ ಮೇಲೆ ಉಗುರು ಮೆಲ್ಲಗೆ ಆಡಿಸಿ, ತಡೆ ಸಿಕ್ಕರೆ ಗೀಚಿದ್ದು. ಅಚ್ಚು ಹಾಕಿದ್ದಾದರೆ ನುಣ್ಣಗೆ ಜಾರುತ್ತದೆ.

ಚೌಕಾಸಿ ಮಾಡಬಹುದಾ ಅಂದರೆ, ಸ್ವಲ್ಪ ಮಾಡಿ. ಅರ್ಧಕ್ಕೆ ಕೇಳಬೇಡಿ. ನಾವು ಹೋಗಿದ್ದು 2019ರ ಕೊನೆಗೆ. ಆ ವರ್ಷ ಮೇ 3ಕ್ಕೆ ಫನಿ ಚಂಡಮಾರುತ ಬಡಿದಿತ್ತು. ಒಂದು ಮನೆಯಲ್ಲಿ ನೆನೆದು ಒಂದಕ್ಕೊಂದು ಅಂಟಿಹೋದ ಪಟಗಳ ಕಟ್ಟು ತೋರಿಸಿದರು. ಎಸೆದಿರಲಿಲ್ಲ.

—

ಚಿತ್ರವೊಂದೇ ಅಲ್ಲ. ಒಡಿಸ್ಸಿ ನೃತ್ಯದ ಗುರು ಕೇಲುಚರಣ ಮಹಾಪಾತ್ರರು 1926ರಲ್ಲಿ ಹುಟ್ಟಿದ ಊರು ಇದು. ಚಿಕ್ಕವರಿದ್ದಾಗ ಅವರೂ ಗೋಟಿಪುಅ ಕುಣಿದವರೇ. ಹುಡುಗರು ಹೆಣ್ಣುವೇಷ ಹಾಕಿ ಕುಣಿಯುವ ಕುಣಿತ ಅದು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನನಗೆ ವೇಷ ಹೊಸದಲ್ಲ. ಆದರೆ ಆ ಮಕ್ಕಳು ಬೆನ್ನು ಬಗ್ಗಿಸಿ ಒಬ್ಬರ ಮೇಲೊಬ್ಬರು ಹತ್ತಿ ಕಟ್ಟುವ ಬಂಧ ನೋಡಿ ಬಾಯಿ ತೆರೆದುಕೊಂಡೇ ಇತ್ತು. ಗೋಟಿಪುಅ ಗುರು ಮಾಗುಣಿ ಚರಣ ದಾಸರು ಕಟ್ಟಿದ ಗುರುಕುಲ ಊರಲ್ಲೇ ಇದೆ. ಹೋದ ತಕ್ಷಣ ಕುಣಿದು ತೋರಿಸಿ ಅಂದರೆ ಆಗಲ್ಲ, ಅವೂ ಶಾಲೆಗೆ ಹೋಗುವ ಮಕ್ಕಳು. ಮುಂಚೆಯೇ ಕೇಳಿಟ್ಟುಕೊಳ್ಳಿ. ನಾವು ಕಂಡಿದ್ದು ಅಭ್ಯಾಸ ಮಾತ್ರ, ಅದೂ ಕಿಟಕಿಯಿಂದ.

—

ಎಲ್ಲರಿಗೂ ಥ್ಯಾಂಕ್ಸ್. ಕೋನಾರ್ಕ ಬೇರೆ ದಿನ, ಇದಕ್ಕೆ ಅರ್ಧ ದಿನ ಇಟ್ಟೆ. ಪಟ ತಗೊಂಡರೆ ಸೂಟ್‌ಕೇಸಿನಲ್ಲಿ ಮಡಚಿ ತರಬಹುದಾ?

—

ಅಯ್ಯೋ, ಮಡಚಲೇಬೇಡಿ! ನಾನು ಸೀರೆಯ ಹಾಗೆ ನಾಲ್ಕು ಮಡಿಕೆ ಮಾಡಿ ತಂದೆ. ಬಿಚ್ಚಿ ನೋಡಿದರೆ ಜಗನ್ನಾಥನ ಮೂಗಿನ ಮೇಲೇ ಬಣ್ಣ ಸಿಡಿದು ಗೆರೆ ಬಿದ್ದಿತ್ತು. ಸಡಿಲವಾಗಿ ಸುತ್ತಿ, ಪ್ಲಂಬರ್ ಹತ್ತಿರ ಒಂದು ತುಂಡು ಪೈಪು ಕೇಳಿ ಅದರೊಳಗೆ ಇಟ್ಟು ತನ್ನಿ.